ಬಿಸಿನೀರಮ್ಮನ ಸ್ನಾನ

ತಂಗಿಯ ಕೈಚೀಲದೊಳಗೆ ಫೋನು ಬಡಿದುಕೊಳ್ಳುತ್ತಲೇ ಇತ್ತು. ಅಕ್ಕ ಜಿಪ್ಪು ಎಳೆದಳು, ಅದು ಅರ್ಧಕ್ಕೆ ಸಿಕ್ಕಿಕೊಂಡಿತು. ಆ ಸಂದಿಯಲ್ಲೇ ಕೈ ತೂರಿಸಿ ತಡಕಾಡಿದಾಗ ಮೊದಲು ಬಾಚಣಿಗೆ ಸಿಕ್ಕಿತು, ಆಮೇಲೆ ಸೋಪಿನ ಡಬ್ಬಿ, ಆಮೇಲೆ ನೇಲ್ ಕಟರು, ಎಲ್ಲಕ್ಕಿಂತ ಕೆಳಗೆ ಫೋನು.

"ಅಮ್ಮಾ, ಚರ್ಚಿನಿಂದ ಮಾತಾಡ್ತಿರೋದು," ಅಂದ ಗುಮಾಸ್ತ, ಉಸಿರು ಬಿಡದೆ. "ಒಂದು ಸಾವಾಗಿದೆ. ಮಧ್ಯಾಹ್ನ ಮೂರಕ್ಕೆ ಮಣ್ಣು. ನೀವು ಒಂಬತ್ತರೊಳಗೆ ಬಂದುಬಿಟ್ರೆ ಒಳ್ಳೇದು."

"ಯಾರದು ಸಾವು?" ಅಕ್ಕ ಕೇಳಿದಳು.

ಆ ಕಡೆ ಕಾಗದ ಸರಿಸಿದ ಸದ್ದು.

"ಅಯ್ಯೋ ದೇವರೇ," ಅಂದ ಗುಮಾಸ್ತ. "ಅಧ್ಯಕ್ಷರೇ, ನೀವಾ? ಪಟ್ಟಿ ನೋಡ್ಕೊಂಡು ಒಂದೊಂದೇ ನಂಬರು ಒತ್ತುತ್ತಾ ಬಂದೆ. ಕೈ ಅಭ್ಯಾಸ. ತಪ್ಪು ತಿಳ್ಕೋಬೇಡಿ."

ಚರ್ಚಿನ ಆಫೀಸಿನ ಗೋಡೆಗೆ ಆ ಪಟ್ಟಿ ಅಂಟಿಸಿದೆ. ಸಭೆಗೆ ಸೇರಿದ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ಗುಮಾಸ್ತ ಮೇಲಿನಿಂದ ಕೆಳಕ್ಕೆ ಫೋನು ಮಾಡುತ್ತಾ ಬರಬೇಕು: ಪಾಸ್ಟರು, ಪೆಟ್ಟಿಗೆ ಮಾಡುವ ಬಡಗಿ, ಗುಂಡಿ ತೋಡುವವನು, ಬಿಸಿನೀರಮ್ಮ. ಈ ದಿನ ಸತ್ತವಳು ಅಧ್ಯಕ್ಷರ ತಂಗಿ ಬಿಸಿನೀರಮ್ಮನೇ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು; ಹೊರಗಿನ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದವನೂ ಅವನೇ. ಆದರೂ ಇಪ್ಪತ್ತು ವರ್ಷದಿಂದ ಪಳಗಿದ ಬೆರಳು ತಲೆಯನ್ನು ಕೇಳದೆ ನಾಲ್ಕನೇ ನಂಬರನ್ನು ಒತ್ತಿಬಿಟ್ಟಿತ್ತು.

ಅಕ್ಕ ಫೋನನ್ನು ಆಫ್ ಮಾಡಿ ಕಿಟಕಿಯ ಮೇಲಿಟ್ಟಳು. ಅವಳಿಗೆ ನಗು ಬಂತು, ಬಂದದ್ದಕ್ಕೆ ನಾಚಿಕೆಯೂ ಆಯಿತು. ತಂಗಿ ಕೇಳಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ತಂಗಿ ಮೊಳ ದೂರದಲ್ಲಿ ಮಂಚದ ಮೇಲೆ ಮಲಗಿದ್ದಳು. ಬೆಳಗಿನ ಪಾಳಿಗೆ ಹೊರಟ ಕೆಳಮನೆಯ ಬಸ್ ಡ್ರೈವರು, ನಲ್ಲಿ ಒಂದೇ ಸಮನೆ ಸುರಿಯುವುದನ್ನು ಕೇಳಿ ಬಾಗಿಲು ತಳ್ಳಿ ನೋಡಿದಾಗ ಅವಳು ಅಡುಗೆಮನೆಯಲ್ಲಿ ಬಿದ್ದಿದ್ದಳಂತೆ. ಡಾಕ್ಟರು ಬಂದು ಹೃದಯ ನಿಂತಿದೆ ಅಂದರು, ಕಾಗದ ಬರೆದುಕೊಟ್ಟು ಹೋದರು. ವಯಸ್ಸು ಅರವತ್ತೆರಡು. ಮದುವೆಯಿಲ್ಲ, ಮಕ್ಕಳಿಲ್ಲ. ವಾರಕ್ಕೆ ಆರು ದಿನ ಒಂದು ಲಾಡ್ಜಿನ ಲಾಂಡ್ರಿಯಲ್ಲಿ ಯಾರು ಯಾರೋ ಮಲಗೆದ್ದ ಚಾದರ ಒಗೆದು ಇಸ್ತ್ರಿ ಮಾಡುವುದು. ಸಭೆಯಲ್ಲಿ ಸಾವಾದಾಗ ರಜೆ ಕೇಳಿ ಹೆಣಕ್ಕೆ ಸ್ನಾನ ಮಾಡಿಸುವುದು. ಮೂವತ್ತೊಂದು ವರ್ಷ ಅಷ್ಟೇ ಅವಳ ಬದುಕು. ಸತ್ತವರ ಮನೆಗೆ ಕಾಲಿಟ್ಟ ಕೂಡಲೇ "ಬಿಸಿನೀರು ಎಲ್ಲಿ?" ಎಂದು ಕೂಗುತ್ತಿದ್ದಳು. ಸತ್ತವರಿಗೆ ಬಿಸಿನೀರು ಯಾಕೆ ಎಂದು ಯಾರಾದರೂ ಕೇಳಿದರೆ, "ತಣ್ಣೀರು ಸುರಿಸ್ಕೊಳ್ಳೋಕೆ ಅವರೇನು ತಪ್ಪು ಮಾಡಿದಾರೆ?" ಅನ್ನುತ್ತಿದ್ದಳು. ಹಾಗೆ ಆ ಹೆಸರು ಅಂಟಿಕೊಂಡಿತು.

ಗುಮಾಸ್ತ ಸೈಕಲ್ಲು ತುಳಿದುಕೊಂಡು ಏದುಸಿರು ಬಿಡುತ್ತಾ ಬಂದ. ಮುಂದಿನ ಕೋಣೆಯಲ್ಲಿ ಅಕ್ಕ ಅಧ್ಯಕ್ಷೆಯಾಗಿರುವ ಸ್ತ್ರೀಯರ ಸಂಘದವರು ಇಬ್ಬರು ಕೂತಿದ್ದರು. ಒಬ್ಬರು ಸಂಘದ ಕಾರ್ಯದರ್ಶಿ, ರಿಟೈರಾದ ಟೀಚರು. ಇನ್ನೊಬ್ಬಳು ಪಕ್ಕದ ಬೀದಿಯಲ್ಲಿ ಅಂಗಡಿಯಿಟ್ಟ ಟೈಲರಮ್ಮ. ಅಷ್ಟರಲ್ಲಿ ಎಲ್ಲ ಕೆಲಸ ಮುಗಿದಿತ್ತು. ಹಾಡಿನ ಹಾಳೆ ಅಚ್ಚಾಗಿತ್ತು, ಹೂವಿಗೆ ಹೇಳಿಯಾಗಿತ್ತು, ಕುರ್ಚಿ ಬಂದಿತ್ತು, ಗಾಯನ ಮಂಡಳಿಯ ನಿಲುವಂಗಿಗಳು ಇಸ್ತ್ರಿಯಾಗಿ ಗೂಟದಲ್ಲಿ ತೂಗುತ್ತಿದ್ದವು. ಹೆಣದ ಸ್ನಾನವೊಂದು ಯಾರಿಗೂ ಹೊಳೆದಿರಲಿಲ್ಲ. ಆ ಕೆಲಸ ಇಷ್ಟು ವರ್ಷ ತಾನಾಗಿ ಆಗಿಹೋಗುತ್ತಿತ್ತು.

"ಹಾಗಾದ್ರೆ ಸ್ನಾನ ಯಾರು ಮಾಡಿಸ್ತಾರೆ?" ಗುಮಾಸ್ತ ಕೇಳಿದ.

ಟೈಲರಮ್ಮ ಟೀಚರ ಮುಖ ನೋಡಿದಳು, ಟೀಚರು ಹಾಡಿನ ಹಾಳೆ ಜೋಡಿಸತೊಡಗಿದರು.

"ಆಂಬುಲೆನ್ಸಿನವರನ್ನ ಕೇಳ್ದೆ," ಅವನೇ ಅಂದ. "ಒಂದು ಗಂಟೆಗೆ ಇಬ್ಬರನ್ನ ಕಳಿಸ್ತಾರಂತೆ. ಗ್ಲೌಸು ಗೀವ್ಸು ಎಲ್ಲಾ ಅವರದೇ. ಆದ್ರೆ ಇಬ್ರೂ ಗಂಡಸ್ರು."

"ಒಂದು ಗಂಟೆಗಾ?" ಟೈಲರಮ್ಮ ಅಂದಳು. "ಅಷ್ಟು ಹೊತ್ತಿಗೆ ಮೈ ಮರಗಟ್ಟಿರುತ್ತೆ. ಕೈ ಮಡಚೋಕೂ ಆಗಲ್ಲ, ಬಟ್ಟೆ ತೊಡಿಸೋಕೂ ಆಗಲ್ಲ. ಮಾಡೋದಾದ್ರೆ ಈಗಲೇ ಮಾಡ್ಬೇಕು."

ಟೀಚರು ಗಂಟಲು ಸರಿಮಾಡಿಕೊಂಡರು. "ಮುಖ, ಕೈಕಾಲು ಒರೆಸಿ ಬಿಳಿ ಬಟ್ಟೆ ಹೊದಿಸಿದ್ರೆ ಸಾಲದಾ? ಕತ್ತಿನವರೆಗೂ ಹೂವು ಇರುತ್ತೆ. ಯಾರಿಗೆ ಕಾಣುತ್ತೆ? ದೇವರು ನೋಡೋದು ಮನಸ್ಸನ್ನ ತಾನೆ."

ಟೀಚರು ಇದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಮುಂದುವರಿದು ಇದನ್ನೂ ಹೇಳಿದರು: "ಅದೂ ಅಲ್ದೆ ನಾವ್ಯಾಕೆ ತಲೆ ಕೆಡಿಸ್ಕೋಬೇಕು? ಅಧ್ಯಕ್ಷರಿಗೆ ಗೊತ್ತಲ್ಲ. ಅವರ ತಾಯಿಗೆ ಅಕ್ಕ ತಂಗಿ ಇಬ್ರೂ ಸೇರಿ ಸ್ನಾನ ಮಾಡಿಸಿದ್ದು. ಸಂಘದ ವಾರ್ಷಿಕೋತ್ಸವದಲ್ಲಿ ಹೇಳಿದ್ರಲ್ಲ, ಎಲ್ಲರೂ ಕಣ್ಣೀರು ಹಾಕಿದ್ವಿ."

ಮೂವರೂ ಅಕ್ಕನ ಕಡೆ ನೋಡಿದರು. ಇಲ್ಲ, ನನಗೆ ಗೊತ್ತಿಲ್ಲ, ಅಂದುಬಿಟ್ಟರೆ ಮುಗಿಯಿತು. ಒಂದು ಗಂಟೆಗೆ ಗ್ಲೌಸಿನವರು ಬರುತ್ತಾರೆ. ತಂಗಿಯ ಮೈಯನ್ನು ಇಬ್ಬರು ಅಪರಿಚಿತ ಗಂಡಸರು ಮಗುಚಿ ಹಾಕುತ್ತಾರೆ.

"ನೀರು ಕಾಯೋಕಿಡಿ," ಅಂದಳು ಅಕ್ಕ.

*

ಅಮ್ಮ ಸತ್ತ ದಿನ ಮನೆಯಲ್ಲಿ ಇದ್ದದ್ದು ಎರಡೇ ಕೋಣೆ. ಮುಂದಿನ ಕೋಣೆಯಲ್ಲಿ ಸಭೆಯ ಜನ, ಹಿಂದಿನ ಕೋಣೆಯಲ್ಲಿ ಅಮ್ಮ. ನಾಲ್ಕು ತಿಂಗಳು ಹಾಸಿಗೆ ಹಿಡಿದ ಮೈ, ಬೆನ್ನಿನ ತುಂಬ ಹುಣ್ಣು. ಮೂವತ್ತಾರರ ಅಕ್ಕ ಬಕೆಟ್ಟು ಹಿಡಿದು ಹೊಸ್ತಿಲವರೆಗೆ ಹೋದಳು. ಆ ವಾಸನೆ ಮೂಗಿಗೆ ಬಡಿದದ್ದೇ ಬಕೆಟ್ಟನ್ನು ಅಲ್ಲೇ ಇಟ್ಟಳು.

"ಜನ ಬಂದಿದಾರೆ. ನಾನು ಪ್ರಾರ್ಥನೆ ಶುರು ಮಾಡ್ತೀನಿ," ಅಂದಳು.

"ಹೂಂ, ಹೋಗು," ಅಂದಳು ತಂಗಿ. ಅವಳು ಆಗಲೇ ತೋಳು ಮಡಚಿಕೊಂಡಿದ್ದಳು.

ಅಕ್ಕ ಒಂದು ತಾಸು ಪ್ರಾರ್ಥನೆ ಮಾಡಿಸಿದಳು. ಪುಸ್ತಕ ನೋಡದೆ, ಒಂದು ಮಾತೂ ತಪ್ಪದೆ. ಹಿಂದಿನಿಂದ ನೀರು ಸುರಿಯುವ ಸದ್ದು ಕೇಳಿಸಿದಾಗಲೆಲ್ಲ ದನಿ ಏರಿಸಿದಳು. ಮುಗಿದ ಮೇಲೆ ಜನ ಅವಳ ಕೈ ಹಿಡಿದು ಹೊಗಳಿದರು. ಎಂಥ ವಿಶ್ವಾಸ, ಎಂಥ ಧೈರ್ಯ. ಮುಂದಿನ ವರ್ಷ ಅವಳನ್ನೇ ಸಂಘಕ್ಕೆ ಅಧ್ಯಕ್ಷೆ ಮಾಡಿದರು. ಅಂದಿನಿಂದ ಅವಳ ಕೂಟಗಳು ಒಂದು ನಿಮಿಷವೂ ತಡವಾಗಿ ಶುರುವಾಗಲಿಲ್ಲ. ತನ್ನ ಪ್ರಾರ್ಥನೆ ದೇವರಿಗೆ ಕೇಳಿಸಿತೋ ಇಲ್ಲವೋ ಎಂಬ ಯೋಚನೆ ಅವಳಿಗೆ ಬಂದದ್ದು ಕಡಿಮೆ. ಹಿಂದಿನ ಬೆಂಚಿಗೆ ಕೇಳಿಸಿತೋ ಇಲ್ಲವೋ ಎಂಬುದೇ ಯೋಚನೆ.

ತಂಗಿ ಮೊಣಕೈವರೆಗೆ ಒದ್ದೆಯಾಗಿ ಹೊರಗೆ ಬಂದು ಕೇಳಿದ್ದು ಇಷ್ಟೇ: "ಟೀ ಉಳಿದಿದೆಯಾ?"

"ಇಬ್ರೂ ಸೇರಿ ಮಾಡಿದ್ವಿ" ಎಂಬ ಸುಳ್ಳು ಅಕ್ಕನ ಬಾಯಿಗೆ ಯಾವಾಗ ಬಂತೋ ಅವಳಿಗೇ ನೆನಪಿಲ್ಲ. ಮೊದಲು ಯಾರೋ ಕೇಳಿದಾಗ ಸುಮ್ಮನಿದ್ದಳು. ಆಮೇಲೆ ಹೂಂಗುಟ್ಟಿದಳು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದು ಭಾಷಣಕ್ಕೂ ಬಂದು ಕೂತಿತ್ತು.

*

ಎರಡು ದೊಡ್ಡ ಪಾತ್ರೆಗಳಲ್ಲಿ ನೀರು ಕಾಯುತ್ತಿದ್ದಾಗ ಪಾಸ್ಟರು ಬಂದರು. ಚಿಕ್ಕ ವಯಸ್ಸು, ಈ ಸಭೆಗೆ ಬಂದು ಒಂದೂವರೆ ವರ್ಷ. ಕೈಯಲ್ಲಿ ಸಣ್ಣ ನೋಟ್ ಪುಸ್ತಕ.

"ಪ್ರಸಂಗಕ್ಕೆ ಅವರ ವಿಶ್ವಾಸದ ಬಗ್ಗೆ ನಾಲ್ಕು ಮಾತು ಬೇಕಿತ್ತಮ್ಮ," ಅಂದರು. "ನಾನು ಅವರನ್ನ ಭಾನುವಾರ ಒಂದು ಸಲಾನೂ ನೋಡಿದ ನೆನಪಿಲ್ಲ. ರಿಜಿಸ್ಟರು ನೋಡಿದೆ. ಒಂಬತ್ತು ವರ್ಷದಿಂದ ಹಾಜರಿ ಇಲ್ಲ. ಕರ್ತನ ಭೋಜನಕ್ಕೂ ಬಂದಿಲ್ಲ."

"ಬರ್ತಿದ್ಲು," ಅಂದಳು ಅಕ್ಕ. "ಹೆಣದ ಜೊತೆ ಬರ್ತಿದ್ಲು."

ಪಾಸ್ಟರು ಬರೆದುಕೊಳ್ಳಲು ಹೋದವರು ಪೆನ್ನು ನಿಲ್ಲಿಸಿದರು. "ಮನೇಲಿ ಪ್ರಾರ್ಥನೆ ಮಾಡ್ತಿದ್ರಾ?"

ಅಕ್ಕನಿಗೆ ಗೊತ್ತಿರಲಿಲ್ಲ. ಒಡಹುಟ್ಟಿದವಳು, ಹದಿನೈದು ನಿಮಿಷದ ನಡಿಗೆಯ ದೂರ. ಗೊತ್ತಿರಲಿಲ್ಲ.

ಬಾಗಿಲ ಬಳಿ ಬೇಕರಿಯವನು ನಿಂತಿದ್ದ. ಒಂದು ಬುಟ್ಟಿ ಬನ್ನು ತಂದಿಟ್ಟು, ಹೋಗಲೂ ಆರದೆ ನಿಲ್ಲಲೂ ಆರದೆ ಟೋಪಿ ತಿರುಗಿಸುತ್ತಿದ್ದ.

"ನಾನೊಂದು ಮಾತು ಹೇಳ್ಲಾ ಪಾಸ್ಟರೇ?" ಅಂದ. "ನಮ್ಮಪ್ಪ ಹೋದಾಗ ಅಂಟುರೋಗ ಅಂತ ಯಾರೂ ಹತ್ರ ಬರಲಿಲ್ಲ. ಆಗಿದ್ದ ಪಾಸ್ಟರು ಗೇಟಿನ ಹೊರಗೆ ನಿಂತು ಪ್ರಾರ್ಥನೆ ಮಾಡಿ ಹೋದ್ರು. ಅವರ ತಪ್ಪಲ್ಲ ಬಿಡಿ. ಮಕ್ಕಳು ನಾವೇ ಅಂಗಳದಲ್ಲಿ ನಿಂತಿದ್ವಿ, ಮೂಗಿಗೆ ಬಟ್ಟೆ ಕಟ್ಕೊಂಡು. ಬಿಸಿನೀರಮ್ಮ ಒಬ್ರೇ ಒಳಗೆ ಹೋದ್ರು. ಮುಕ್ಕಾಲು ಗಂಟೆ. ಹೊರಗೆ ಬಂದಾಗ ನಾನು ಕೇಳ್ದೆ, ಅಮ್ಮಾ, ಒಳಗೆ ಯಾರೂ ಇರ್ಲಿಲ್ಲ, ನೀವಾದ್ರೂ ಒಂದು ಪ್ರಾರ್ಥನೆ ಮಾಡಿದ್ರಾ ಅಂತ."

"ಏನಂದ್ರು?"

"'ಮಾಡ್ದೆ ಕಣಪ್ಪ, ಸೋಪು ಹಾಕಿ ಮಾಡ್ದೆ' ಅಂದ್ರು."

ಟೀಚರು ಮುಖ ಸಿಂಡರಿಸಿದರು. ಗುಮಾಸ್ತನಿಗೆ ನಗು ಬಂದು ಕೆಮ್ಮಿದ. ಪಾಸ್ಟರು ನೋಟ್ ಪುಸ್ತಕದ ಹಾಳೆಯನ್ನು ಹಿಂದಕ್ಕೂ ಮುಂದಕ್ಕೂ ತಿರುವಿದರು. ಇದನ್ನು ಪ್ರಸಂಗದ ಯಾವ ಜಾಗಕ್ಕೆ ಹಾಕುವುದೆಂದು ಅವರಿಗೆ ತೋಚಲಿಲ್ಲ.

"ಹತ್ತು ಗಂಟೆಗೆ ಇಲ್ಲಿ ಪ್ರಾರ್ಥನೆ ಇಟ್ಕೊಂಡಿದೀವಿ," ಅಂದರು ಕೊನೆಗೆ. "ಅಷ್ಟರಲ್ಲಿ ಆಗುತ್ತಲ್ಲಮ್ಮ?"

"ಆಗುತ್ತೆ," ಅಂದಳು ಅಕ್ಕ. ಅವಳ ಕೂಟ ತಡವಾಗಿ ಶುರುವಾದ ದಾಖಲೆಯೇ ಇಲ್ಲ.

*

ಒಂಬತ್ತು ವರ್ಷದ ಹಿಂದೆ ಒಂದು ಶನಿವಾರ, ಚರ್ಚಿನ ಹಿಂಬದಿಯ ಸಣ್ಣ ಕೋಣೆ. ಮರುದಿನದ ಕರ್ತನ ಭೋಜನದಲ್ಲಿ ಸಭೆಗೆಲ್ಲ ಹಂಚುವ ರೊಟ್ಟಿಯನ್ನು ತುಂಡು ಮಾಡಿಡುವ ಸರದಿ ತಂಗಿಯದು. ಸಂಘದಲ್ಲಿ ಸರದಿ ಎಲ್ಲರಿಗೂ ಬರುತ್ತಿತ್ತು. ಆ ವಾರ ಮೂರು ಸಾವಾಗಿತ್ತು. ಮೂರಕ್ಕೂ ತಂಗಿಯೇ ಹೋಗಿದ್ದಳು. ಯಾರೋ ಟೀಚರ ಕಿವಿಯಲ್ಲಿ ಹೇಳಿದರು, ಟೀಚರು ಅಕ್ಕನ ಕಿವಿಯಲ್ಲಿ ಹೇಳಿದರು. ಅಕ್ಕ ಬಾಗಿಲು ಮುಂದೆ ಮಾಡಿಕೊಂಡು ತಂಗಿಗೆ ಹೇಳಿದಳು.

"ನಿನ್ನ ಕೈಯಿಂದ ಅಂದ್ರೆ ಜನ ಹಿಂಜರೀತಾರೆ ಕಣೇ. ಈ ಸರದಿ ಬೇರೆಯವರಿಗೆ ಕೊಡ್ತೀನಿ. ಮುಂದಕ್ಕೂ ಅಷ್ಟೇ."

ತಂಗಿ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು. ಲಾಂಡ್ರಿಯ ಸೋಡಾ ಪುಡಿಯಿಂದ ಬಿಳಿಚಿದ ಕೈ.

"ಅಕ್ಕ, ಆ ಹೆಂಗಸ್ರು ಬೆಳಿಗ್ಗೆ ಎದ್ದು ಯೇಸು ಸ್ವಾಮಿಯ ಸಮಾಧಿ ಹತ್ರ ಹೋಗಿದ್ದು ಯಾತಕ್ಕೆ ಹೇಳು?" ಅಂದಳು. "ಮೈಗೆ ಸುಗಂಧ ಹಚ್ಚೋಕೆ ತಾನೆ. ನನ್ನ ಕೆಲಸಕ್ಕೇ. ಎದ್ದು ಬಂದ ಸ್ವಾಮಿ ಅವರಿಗೇ ಮೊದಲು ಕಾಣಿಸ್ಕೊಂಡ. ಆಮೇಲೆ ಶಿಷ್ಯಂದಿರು ಅವರ ಕೈಯಿಂದ ಊಟ ಮಾಡೋಕೆ ಹಿಂಜರಿದ್ರೋ ಏನೋ, ಅದನ್ನ ಬರೆದಿಲ್ಲ ನೋಡು."

"ತಲೆಹರಟೆ ಮಾಡ್ಬೇಡ. ನಾನು ಸಂಘ ನಡೆಸ್ಬೇಕು."

"ನಡೆಸು," ಅಂದು ಚಾಕುವನ್ನು ಒರೆಸಿಟ್ಟು ಹೋದಳು. ಮುಂದಿನ ಭಾನುವಾರ ಬರಲಿಲ್ಲ, ಅದರ ಮುಂದಿನ ಭಾನುವಾರವೂ. ತಿಂಗಳಾದ ಮೇಲೆ ಬೀದಿಯಲ್ಲಿ ಸಿಕ್ಕಾಗ, ದೇವರ ಮೇಲೆ ಇಷ್ಟು ಕೋಪವಾ ಎಂದು ಅಕ್ಕ ಕೇಳಿದಳು.

"ದೇವರ ಮೇಲಲ್ಲ," ಅಂದಳು ತಂಗಿ. "ಬೆಂಚಿನ ಮೇಲೆ. ಆ ಬೆಂಚಿನಲ್ಲಿ ಕೂತು ಕೂತು ನನಗೆ ಸುಸ್ತಾಗೋಯ್ತು ಅಕ್ಕ."

ಆ ಮಾತು ಅಕ್ಕನಿಗೆ ಅಂದು ಸೊಕ್ಕಿನದಾಗಿ ಕಂಡಿತ್ತು.

*

"ಎಷ್ಟು ಬಿಸಿ ಇರ್ಬೇಕು?" ಅಕ್ಕ ಕೇಳಿದಳು. ಬಾಗಿಲು ಹಾಕಿತ್ತು. ಒಳಗೆ ಅವಳು ಮತ್ತು ಟೈಲರಮ್ಮ ಇಬ್ಬರೇ. ತಂಗಿಯ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ ಆಗಿತ್ತು.

ಟೈಲರಮ್ಮ ಬಕೆಟ್ಟಿಗೆ ಮೊಣಕೈ ಅದ್ದಿ ನೋಡಿದಳು. "ಮಗುವಿಗೆ ಹದ ಮಾಡೋ ಹಾಗೆ ಅನ್ನೋರು ಬಿಸಿನೀರಮ್ಮ. ನಮ್ಮತ್ತೆಗೆ ಮಾಡಿಸುವಾಗ ನಾನು ನೀರು ಹಾಕ್ತಿದ್ದೆ. ಮೊದಲು ಮುಖ. ಕಣ್ಣಿಗೆ ಸೋಪು ತಾಗ್ಬಾರ್ದು. ಆಮೇಲೆ ಒಂದೊಂದೇ ಕೈ. ತೊಳೆಯೋ ಕಡೆ ಮಾತ್ರ ತೆರೀಬೇಕು, ಉಳಿದದ್ದು ಮುಚ್ಚಿರ್ಬೇಕು. ನಾಚಿಕೆ ಉಸಿರಿನ ಜೊತೆ ಹೋಗಲ್ಲ ಅನ್ನೋರು."

ಅಕ್ಕ ಬಟ್ಟೆ ಅದ್ದಿ ಹಿಂಡಿದಳು. ಕೈ ಮುಂದಕ್ಕೆ ಹೋಗಲಿಲ್ಲ. ಅಭ್ಯಾಸದಂತೆ ಪ್ರಾರ್ಥನೆಯ ಮೊದಲ ಸಾಲಿಗಾಗಿ ಬಾಯಿ ತೆರೆದಳು. ಮೂವತ್ತು ವರ್ಷ ನಿದ್ದೆಗಣ್ಣಲ್ಲೂ ಬರುತ್ತಿದ್ದ ಸಾಲು ಬರಲಿಲ್ಲ. ಕೇಳಿಸಿಕೊಳ್ಳಲು ಅಲ್ಲಿ ಬೆಂಚುಗಳಿರಲಿಲ್ಲ.

"ನನಗೆ ಗೊತ್ತಿಲ್ಲ," ಅಂದಳು. "ನಾನು ಯಾವತ್ತೂ ಮಾಡಿಲ್ಲ. ಅಮ್ಮನ್ನ ನಾನು ಮುಟ್ಟೇ ಇಲ್ಲ. ಸುಳ್ಳು ಹೇಳ್ದೆ."

"ಅಂದ್ಕೊಂಡೆ," ಅಂದಳು ಟೈಲರಮ್ಮ. "ಮಾಡಿದವರಾಗಿದ್ರೆ ನೀರಿನ ಹದ ಕೇಳ್ತಿರ್ಲಿಲ್ಲ."

"ಅವಳು ಹೇಳಿದ್ಲಾ ನಿಮಗೆ?"

"ಇಲ್ಲಪ್ಪ. ಅವರು ಹೇಳ್ತಿದ್ದದ್ದೇ ಬೇರೆ. ಈ ಕೆಲಸ ಎಲ್ಲಿ ಕಲಿತ್ರಿ ಅಂತ ನಾನೇ ಒಂದ್ಸಲ ಕೇಳಿದ್ದೆ. 'ನಮ್ಮಮ್ಮನ ಹತ್ರ. ನಾನು, ನಮ್ಮಕ್ಕ ಇಬ್ರೂ ಸೇರಿ ಮಾಡಿಸಿದ್ವಿ' ಅಂದ್ರು."

ಅಕ್ಕ ಮಂಚದ ಅಂಚಿನಲ್ಲಿ ಕೂತುಬಿಟ್ಟಳು. ದುಃಖ ಉಕ್ಕಿ ಬಂತು. ಬೆಳಗಿನ ಜಾವದಿಂದ ಬಾರದ ಅಳು, ಶಬ್ದವಿಲ್ಲದೆ, ಮೂಗಿನಿಂದಲೂ ಕಣ್ಣಿನಿಂದಲೂ ಸುರಿಯಿತು. ಟೈಲರಮ್ಮ ಸಮಾಧಾನ ಹೇಳಲು ಹೋಗಲಿಲ್ಲ. ಬಕೆಟ್ಟನ್ನು ಹತ್ತಿರಕ್ಕೆ ತಳ್ಳಿದಳು.

"ನೀರು ಆರುತ್ತೆ, ಅಕ್ಕಾವ್ರೇ."

ಮುಖ ಆಯಿತು. ಬಲಗೈ ಆಯಿತು, ಎಡಗೈ ಆಯಿತು. ಉಗುರಿನ ಸಂದಿಯ ನೀಲಿಯನ್ನು ಅಕ್ಕ ತಿಕ್ಕಿ ತಿಕ್ಕಿ ತೆಗೆದಳು. ಲಾಂಡ್ರಿಯ ನೀಲಿ, ಪೂರ್ತಿ ಹೋಗಲಿಲ್ಲ. ಕೂದಲು, ಎದೆ, ಹೊಟ್ಟೆ, ಕಾಲು. ಕಾಲಿಗೆ ಬರುವಷ್ಟರಲ್ಲಿ ಸೊಂಟ ನೋಯುತ್ತಿತ್ತು. ಬಿಳಿ ಉಡುಪನ್ನು ಬೆನ್ನಿನ ಕಡೆ ಸೀಳಿ ದಾರ ಕಟ್ಟಬೇಕೆಂದು ಟೈಲರಮ್ಮ ಅಂಗಡಿಗೆ ಹೋದಳು.

"ಬೆನ್ನಿಗೆ ಯಾರನ್ನಾದ್ರೂ ಕರ್ಕೊಳ್ಳಿ," ಅಂದಳು ಹೋಗುವಾಗ.

ಅಕ್ಕ ಯಾರನ್ನೂ ಕರೆಯಲಿಲ್ಲ. ಪಕ್ಕಕ್ಕೆ ಹೊರಳಿಸಿ ನೋಡಿದಳು. ಹೊರಳಿದ ಮೈ ತಿರುಗಿ ಅಂಗಾತವಾಯಿತು. ಒಂದು ಕೈಯಲ್ಲಿ ಒತ್ತಿ ಹಿಡಿದು ಇನ್ನೊಂದರಲ್ಲಿ ತೊಳೆಯಲು ನೋಡಿದಳು, ಕೈ ಎಟುಕಲಿಲ್ಲ. ಮೂವತ್ತೊಂದು ವರ್ಷ ಇವಳೊಬ್ಬಳೇ ಹೇಗೆ ಮಾಡಿದಳು? ಬೇಕರಿಯವನ ಅಪ್ಪನಿಗೆ, ಅಮ್ಮನಿಗೆ?

ಬಾಗಿಲು ತಟ್ಟಿದರು.

"ಅಮ್ಮಾ, ಹತ್ತು ಗಂಟೆ ಆಯ್ತು," ಪಾಸ್ಟರ ದನಿ. "ಎಲ್ಲರೂ ಬಂದಿದಾರೆ. ಪ್ರಾರ್ಥನೆಗೆ ನೀವೇ ಮೊದಲು ಅಂತ ಕಾಯ್ತಿದಾರೆ."

ಅಕ್ಕ ಬಾಗಿಲ ಕಡೆ ನೋಡಿದಳು. ಬಾಗಿಲ ಕೆಳಗಿನ ಸಂದಿಯಲ್ಲಿ ಚಪ್ಪಲಿ, ಬೂಟುಗಳ ನೆರಳು ಸಾಲಾಗಿ ನಿಂತಿತ್ತು. ಮುಖ ತೊಳೆದುಕೊಂಡು ಹೊರಗೆ ಹೋದರೆ ಸಾಕು. ಬೆನ್ನು ಯಾರಿಗೂ ಕಾಣುವುದಿಲ್ಲ. ಟೀಚರು ಹೇಳಿದ್ದು ನಿಜವೇ.

"ನೀವು ಶುರು ಮಾಡಿ ಪಾಸ್ಟರೇ," ಅಂದಳು. "ನನಗಿನ್ನೂ ಬೆನ್ನು ಬಾಕಿ ಇದೆ."

ಆಚೆ ಪಿಸುಮಾತು. ನೆರಳುಗಳು ಒಂದೊಂದಾಗಿ ಸರಿದವು. ಅಕ್ಕ ಮಂಚದ ಮೇಲೆ ಹತ್ತಿ ಕೂತಳು, ತಂಗಿಯ ಎರಡೂ ಕಂಕುಳಲ್ಲಿ ಕೈ ತೂರಿಸಿದಳು, ಹಲ್ಲು ಕಚ್ಚಿ ಮೇಲಕ್ಕೆತ್ತಿ ತನ್ನ ಎದೆಗೆ ಒರಗಿಸಿಕೊಂಡಳು. ಕತ್ತು ಆಗಲೇ ಬಿಗಿಯತೊಡಗಿತ್ತು. ಗಲ್ಲ ಬಂದು ಅಕ್ಕನ ಹೆಗಲಿಗೆ ಊರಿತು. ಒದ್ದೆ ಕೂದಲು ಕೆನ್ನೆಗೆ ಅಂಟಿತು. ಮೈಗೆ ಮೈ ತಾಗಿದ ಕಡೆಯೆಲ್ಲ ಅಕ್ಕನ ಬಟ್ಟೆ ನೆಂದುಹೋಯಿತು. ಇದೇ ದಾರಿ. ಒಬ್ಬಳೇ ಮಾಡಿಸುವುದಾದರೆ ಬೇರೆ ದಾರಿಯೇ ಇರಲಿಲ್ಲ.

"ಏನು ತಿನ್ತಿದ್ದೆಯೇ, ಇಷ್ಟು ಭಾರ," ಅಂದಳು ತಂಗಿಯ ಕಿವಿಯ ಬಳಿ.

ಹೊರಗೆ ಹಾಡು ಎದ್ದಿತು. ಯಾರೋ ಶ್ರುತಿಯನ್ನು ತೀರ ಮೇಲಕ್ಕೆ ಹಿಡಿದಿದ್ದರು, ಎರಡನೇ ಸಾಲಿಗೇ ಅರ್ಧ ಜನ ಬಿಟ್ಟುಬಿಟ್ಟರು. ಅಕ್ಕ ಎಡಗೈಯಿಂದ ತಂಗಿಯನ್ನು ಬಿಗಿಯಾಗಿ ತಬ್ಬಿ ಹಿಡಿದುಕೊಂಡು, ಬಲಗೈಯನ್ನು ಬಕೆಟ್ಟಿಗೆ ಇಳಿಬಿಟ್ಟು ಬಟ್ಟೆಗಾಗಿ ತಡಕಾಡಿದಳು. ನೀರು ಇನ್ನೂ ಬೆಚ್ಚಗಿತ್ತು.